ಸೇನೆಯಿಂದ ಬಿಡುಗಡೆಯಾದ ವಾಹನಗಳು: ಕೊಳ್ಳುವ ಕ್ರಮವೂ ಇಟ್ಟುಕೊಳ್ಳುವ ಹೊಣೆಯೂ

ಕುಷ್ಟಗಿ ತಾಲೂಕಿನ ಭೂಮಾಲಿಕರಿಗೂ ಗ್ರಾಮದ ಮುಖಂಡರಿಗೂ ತಿಳಿವಳಿಕೆ

ಎತ್ತನ್ನು ಕೊಳ್ಳಹೋದ ರೈತನು ಮೊದಲು ಅದರ ಹಲ್ಲು ನೋಡುವನು, ಸುಳಿ ನೋಡುವನು, ನಡಿಗೆ ನೋಡುವನು. ನೊಗಕ್ಕೆ ಹೂಡಿ ಸತ್ತ್ವವನ್ನು ಪರೀಕ್ಷಿಸುವನು. ಇವೆಲ್ಲ ಮನಸ್ಸಿಗೆ ಬಂದ ಮೇಲೆ ಸಂತೆಯ ರಶೀದಿಯನ್ನು ಬರೆಸಿಕೊಳ್ಳುವನು. ದೇಹವು ಮೊದಲು, ಕಾಗದವು ಆಮೇಲೆ ಎಂಬದು ದನದ ವ್ಯಾಪಾರದ ರೀತಿ. ಸೇನೆಯಲ್ಲಿ ದುಡಿದು ಹೊರಬಿದ್ದ ಜೀಪು, ಜೋಂಗಾ, ಜಿಪ್ಸಿ, ಲಾರಿಗಳನ್ನು ಕೊಳ್ಳುವಲ್ಲಿ ಈ ರೀತಿಯು ತಿರುಗಿ ನಿಲ್ಲಬೇಕು. ಇಲ್ಲಿ ಕಾಗದವನ್ನು ಮೊದಲು ನೋಡತಕ್ಕದ್ದು. ಕಬ್ಬಿಣವನ್ನು ಆಮೇಲೆ ನೋಡತಕ್ಕದ್ದು. ಏತಕ್ಕೆಂದರೆ ಕೆಟ್ಟ ಯಂತ್ರವನ್ನು ಮೇಸ್ತ್ರಿಯು ಸರಿಪಡಿಸಬಲ್ಲನು. ಕೆಟ್ಟ ಕಾಗದವನ್ನು ಯಾವ ಮೇಸ್ತ್ರಿಯೂ ಸರಿಪಡಿಸಲಾರನು.

ಒಂದು ಸುಗ್ಗಿಯ ಹಣವನ್ನೋ ದಾಳಿಂಬೆಯ ಒಂದು ಬೆಳೆಯ ಹುಟ್ಟುವಳಿಯನ್ನೋ ಕೊಟ್ಟು ತಂದ ವಾಹನವು ನೋಂದಣಿಯಾಗದೆ ಹೋದರೆ ಅದು ಕಣದ ಮೂಲೆಯಲ್ಲಿ ಕೋಳಿ ಕೂಡ್ರುವ ಕಬ್ಬಿಣವಾಗುವದು. ನೋಂದಣಿ, ವಿಮೆಗಳಿಲ್ಲದೆ ಅದನ್ನೇ ರಸ್ತೆಗೆ ಇಳಿಸಿದರೆ ಹೊಲವನ್ನೇ ಕಳಕೊಳ್ಳುವ ಸಂಭವವುಂಟು. ಆದಕಾರಣ ಈ ವಿಷಯವನ್ನು ಕ್ರಮವಾಗಿ ಕೆಳಗೆ ವಿವರಿಸಿದೆ.

೧. ಈ ವಾಹನಗಳು ಯಾವುವು

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ೧೯೪೫ರ ವರೆಗೆ, ಅಮೇರಿಕೆಯ ವಿಲ್ಲಿಸ್ ಮತ್ತು ಫೋರ್ಡ್ ಕಾರಖಾನೆಗಳು ಆರು ಲಕ್ಷಕ್ಕೂ ಮಿಕ್ಕಿದ ಜೀಪುಗಳನ್ನು ತಯಾರಿಸಿದವು. ಯುದ್ಧವು ಮುಗಿದಾಗ ಅವುಗಳಲ್ಲಿ ಅನೇಕವು ಹಿಂದುಸ್ಥಾನದಲ್ಲಿಯೇ ಉಳಿದವು. ೧೯೪೬ನೆಯ ಮೇ ತಿಂಗಳಿನ ಒಪ್ಪಂದದಂತೆ ಅಮೇರಿಕೆಯು ಇಲ್ಲಿ ಬಿಟ್ಟುಹೋದ ಹೆಚ್ಚುವರಿ ಸಾಮಗ್ರಿಯು ಭಾರತ ಸರಕಾರದ ವಶಕ್ಕೆ ಬಂದಿತು. ಹೀಗೆ ಸೇನೆಯ ಜೀಪು ಪ್ರಜೆಯ ಕೈಗೆ ಬರುವ ದಾರಿಯು ತೆರೆಯಿತು. ಮುಂದೆ ಮಹೀಂದ್ರಾ ಕಂಪನಿಯು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸಲಾರಂಭಿಸಿದ್ದರಿಂದ ಅದರ ಬಿಡಿಭಾಗಗಳು ದೇಶದಲ್ಲಿ ದೊರೆಯತೊಡಗಿದವು.

ಸ್ವಾತಂತ್ರ್ಯಾನಂತರ ಸೇನೆಯ ವಾಹನಗಳು ಬಹುಮಟ್ಟಿಗೆ ಈ ದೇಶದಲ್ಲಿಯೇ ತಯಾರಾದವು. ಮಧ್ಯಪ್ರದೇಶದ ಜಬಲಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಅನುಮತಿಯಿಂದ ಶಕ್ತಿಮಾನ್ ಲಾರಿಯು ತಯಾರಾಯಿತು. ಅದೇ ಊರಿನ ವಾಹನ ಕಾರಖಾನೆಯಲ್ಲಿ ಜಪಾನದ ನಿಸಾನ್ ಪ್ಯಾಟ್ರೋಲ್ ವಾಹನದ ಮಾದರಿಯ ಜೋಂಗಾವು ೧೯೬೯ರಿಂದ ಸುಮಾರು ಮೂವತ್ತು ವರುಷ ತಯಾರಾಯಿತು. ಜೋಂಗಾದ ಯಂತ್ರವು ಆರು ಸಿಲಿಂಡರಿನದು, ಗಾತ್ರದಲ್ಲಿ ೩,೯೫೬ ಘನ ಸೆಂಟಿಮೀಟರಿನದು. ಮಾರುತಿ ಜಿಪ್ಸಿಯು ೧೯೮೫ರಲ್ಲಿ ಬಂದಿತು. ಸಾರ್ವಜನಿಕರಿಗೆ ಅದರ ಮಾರಾಟವು ನಿಂತ ಮೇಲೆಯೂ ಸೇನೆಗೆ ಅದರ ಪೂರೈಕೆಯು ನಡೆಯಿತು. ಕ್ರಿಕೆಟ್ ಆಟಗಾರ ಮಹೇಂದ್ರ ಸಿಂಗ್ ಧೋನಿಯವರು ೨೦೧೯ರಲ್ಲಿ ಒಂದು ಜೋಂಗಾವನ್ನು ಕೊಂಡ ಸುದ್ದಿಯು ಹರಡಿದ ಮೇಲೆ ಈ ವಾಹನಗಳ ಮೇಲಿನ ಮೋಹವು ತರುಣರಲ್ಲಿ ಇನ್ನಷ್ಟು ಬೆಳೆಯಿತು. ಮೋಹದ ವಸ್ತುವಿಗೆ ಬೆಲೆಯು ಹೆಚ್ಚು, ಮೋಸವೂ ಹೆಚ್ಚು.

೨. ಸೇನೆಯಿಂದ ಹೊರಬೀಳುವ ಬಗೆ

ಸೇನೆಯ ವಾಹನಕ್ಕೆ ನಮ್ಮ ವಾಹನಗಳಂತೆ ರಾಜ್ಯದ ಅಕ್ಷರವುಳ್ಳ ನಂಬರು ಇರುವದಿಲ್ಲ. ಅದರ ಫಲಕದಲ್ಲಿ ಮೇಲ್ಮುಖವಾದ ಒಂದು ಬಾಣವೂ, ವರುಷವನ್ನು ತಿಳಿಸುವ ಎರಡು ಅಂಕಿಗಳೂ, ಮುಂದೆ ಅಕ್ಷರ ಹಾಗೂ ಕ್ರಮಾಂಕಗಳೂ ಇರುವವು. ೧೯೮೮ರ ಮೋಟಾರು ವಾಹನ ಕಾಯದೆಯ ೬೦ನೆಯ ಕಲಮಿನಂತೆ ಈ ವಾಹನಗಳ ನೋಂದಣಿಯು ಸೈನ್ಯದ ಅಧಿಕಾರಿಗಳಲ್ಲಿಯೇ ಆಗುವದು. ವಾಹನವು ದೇಶರಕ್ಷಣೆಯ ಕೆಲಸದಿಂದ ಬಿಡುಗಡೆಯಾದ ಕ್ಷಣದಿಂದ ಅದಕ್ಕೆ ೩೯ನೆಯ ಹಾಗೂ ೪೦ನೆಯ ಕಲಮುಗಳು ಅನ್ವಯಿಸುವವು. ಅಂದರೆ ಅದು ಸಾಮಾನ್ಯ ವಾಹನದಂತೆ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಗದ ಹೊರತು ಸಾರ್ವಜನಿಕ ರಸ್ತೆಯ ಮೇಲೆ ಓಡಕೂಡದು. ಬಾಣದ ನಂಬರಿನ ಫಲಕವನ್ನೇ ಇಟ್ಟುಕೊಂಡು ಓಡಿಸುವದು ಸರ್ವಥಾ ಅಪರಾಧ.

ಹಳೆಯ ವಾಹನಗಳನ್ನು ಸೇನೆಯು ಹರಾಜಿನಿಂದ ಮಾರುವದು. ಭಾರತ ಸರಕಾರದ ಒಡೆತನದ ಎಂ.ಎಸ್.ಟಿ.ಸಿ. ಸಂಸ್ಥೆಯು ಈ ಹರಾಜುಗಳನ್ನು ಅಂತರಜಾಲದಲ್ಲಿ ನಡೆಸುವದು. ಹರಾಜು ಕೂಗುವವನು ಮೊದಲು ತನ್ನ ಹೆಸರನ್ನು ನೋಂದಾಯಿಸಿ, ಠೇವಣಿಯನ್ನು ಕಟ್ಟಬೇಕು. ಮಾಲು ‘ಇದ್ದಂತೆ, ಇದ್ದಲ್ಲಿಯೇ’ ಎಂಬ ಕರಾರಿನ ಮೇಲೆ ಮಾರಲ್ಪಡುವದು. ಈ ಶಬ್ದಗಳ ಅರ್ಥವನ್ನು ಚೆನ್ನಾಗಿ ಮನಗಾಣಬೇಕು. ಯಂತ್ರವು ಒಡೆದಿದ್ದರೂ, ಗಾಲಿಯು ಇಲ್ಲದಿದ್ದರೂ, ಕೊಂಡವನಿಗೆ ತಕರಾರಿನ ಹಕ್ಕಿಲ್ಲ. ಸಾಗಿಸುವ ಖರ್ಚೂ ಅವನದೇ. ಗೊತ್ತುಪಡಿಸಿದ ದಿನಗಳೊಳಗೆ ಉಳಿದ ಹಣವನ್ನು ಕಟ್ಟಿ ಮಾಲನ್ನು ಎತ್ತದಿದ್ದರೆ ಠೇವಣಿಗೂ ಅಪಾಯವುಂಟು. ಆದಕಾರಣ ಪರೀಕ್ಷೆಗೆ ಕೊಟ್ಟ ದಿನದಂದು ಸ್ವತಃ ಹೋಗಿ ನೋಡದೆ ಕೂಗಕೂಡದು.

ಇದರಲ್ಲಿ ಒಂದು ಮುಖ್ಯ ಭೇದವುಂಟು. ಕೆಲವು ಮಾಲುಗಳು ವಾಹನವೆಂದು ಮಾರಲ್ಪಡುವವು. ಕೆಲವು ಬರಿಯ ಗುಜರಿಯೆಂದು, ಅಂದರೆ ಮೋಡಕಾ ಕಬ್ಬಿಣವೆಂದು ಮಾರಲ್ಪಡುವವು. ಗುಜರಿಯೆಂದು ಮಾರಿದ ವಾಹನವನ್ನು ಎಷ್ಟೇ ಚಂದವಾಗಿ ರಿಪೇರಿ ಮಾಡಿದರೂ ಅದು ನೋಂದಣಿಗೆ ಅರ್ಹವಾದ ವಾಹನವೆಂದು ಭಾವಿಸಕೂಡದು. ಹರಾಜಿನ ಪಟ್ಟಿಯಲ್ಲಿ ಯಾವ ಶಬ್ದವು ಬರೆದಿದೆಯೆಂಬದನ್ನು ಓದಬಲ್ಲವರಿಂದ ಓದಿಸಿ ತಿಳಿಯತಕ್ಕದ್ದು.

ಇನ್ನೊಂದು ನಿಯಮವು ೨೦೨೩ನೆಯ ಏಪ್ರಿಲ್ ೧ರಿಂದ ಬಂದಿದೆ. ಸರಕಾರದ ವಾಹನಗಳಿಗೆ ೧೫ ವರುಷ ತುಂಬಿದರೆ ಅವುಗಳ ನೋಂದಣಿಯು ಮುಂದುವರಿಯುವದಿಲ್ಲ. ಅವು ಅಧಿಕೃತ ಗುಜರಿ ಕೇಂದ್ರಕ್ಕೆ ಹೋಗತಕ್ಕವು. ದೇಶರಕ್ಷಣೆಯ ಕಾರ್ಯಾಚರಣೆಗೆ ಬಳಸುವ ಕವಚದ ಗಾಡಿ ಮುಂತಾದ ವಿಶೇಷ ವಾಹನಗಳಿಗೆ ಮಾತ್ರ ವಿನಾಯಿತಿಯುಂಟು. ಆದುದರಿಂದ ಈಚೆಗೆ ಹೊರಬಂದ ಹಳೆಯ ಸರಕಾರಿ ವಾಹನವನ್ನು ಯಾವನಾದರೂ ಮಾರಬಂದರೆ, ಅದು ಯಾವ ದಾರಿಯಿಂದ ಅವನ ಕೈಗೆ ಬಂದಿತೆಂದು ಕೇಳಲೇಬೇಕು.

೩. ಕಾಗದಪತ್ರಗಳ ಪರೀಕ್ಷೆ

ಹರಾಜಿನಿಂದ ನೇರವಾಗಿ ಕೊಳ್ಳುವವನು ಹಣ ಕಟ್ಟಿದ ರಶೀದಿ, ಮಾರಾಟದ ಪತ್ರ, ಮಾಲು ಬಿಡುಗಡೆಯ ಹುಕುಮು, ಸೇನೆಯ ಲೆಕ್ಕದಿಂದ ವಾಹನವನ್ನು ತೆಗೆದುಹಾಕಿದ ಬಗ್ಗೆ ದಾಖಲೆ, ಇವನ್ನು ಪಡೆಯಬೇಕು. ಪ್ರತಿಯೊಂದರಲ್ಲಿಯೂ ಚಾಸಿ ನಂಬರು, ಯಂತ್ರದ ನಂಬರು, ತಯಾರಾದ ವರುಷ ಇವು ಒಂದೇ ಆಗಿರಬೇಕು. ತರುವಾಯ ಕೊಪ್ಪಳದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಾಹನವನ್ನು ತಪಾಸಣೆಗೆ ಒಪ್ಪಿಸಿ, ೧೯೫೭ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯದೆಯಂತೆ ತೆರಿಗೆಯನ್ನು ಕಟ್ಟಿ, ಕೆಎ-೩೭ರ ನಂಬರನ್ನು ಪಡೆಯಬೇಕು. ಈ ವಯಸ್ಸಿನ ಈ ಮಾದರಿಯ ವಾಹನವು ನೋಂದಣಿಯಾಗುವದೋ ಇಲ್ಲವೋ, ತೆರಿಗೆ ಎಷ್ಟು, ಶುಲ್ಕ ಎಷ್ಟು ಎಂಬದನ್ನು ಹರಾಜಿಗೆ ಮುಂಚೆಯೇ ಆ ಕಚೇರಿಯಲ್ಲಿ ವಿಚಾರಿಸುವದು ಜಾಣತನ. ೧೫ ವರುಷ ಮೀರಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವು ೨೦೨೨ನೆಯ ಏಪ್ರಿಲಿನಿಂದ ೫,೦೦೦ ರೂಪಾಯಿಗೆ ಏರಿತು. ೨೦ ವರುಷ ಮೀರಿದವುಗಳಿಗೆ ೨೦೨೫ರಲ್ಲಿ ಮತ್ತೆ ಹೆಚ್ಚಾಯಿತು.

ಹರಾಜಿನವನಿಂದ ಕೊಂಡವನಿಂದ ಮತ್ತೊಬ್ಬನು, ಅವನಿಂದ ನಾವು ಎಂಬಂತೆ ಮೂರನೆಯ ನಾಲ್ಕನೆಯ ಕೈಯಲ್ಲಿ ಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಇಂಥವರು ಕೇಂದ್ರ ಸರಕಾರದ ‘ವಾಹನ್’ ದಾಖಲೆಯಲ್ಲಿ ನಂಬರನ್ನು ಹಾಕಿ ನೋಡಬೇಕು. ಅಲ್ಲಿಯ ಮಾದರಿ, ವರುಷ, ಇಂಧನಗಳು ಎದುರಿಗಿರುವ ವಾಹನಕ್ಕೆ ಹೊಂದಬೇಕು. ಅನಂತರ ಚಾಸಿಯ ಮೇಲಿನ ಎಣ್ಣೆ, ಮಣ್ಣುಗಳನ್ನು ಒರೆಸಿ ಕೊರೆದ ಅಕ್ಷರಗಳನ್ನು ಸ್ವಂತ ಕಣ್ಣಿನಿಂದ ಓದಬೇಕು. ಅಕ್ಷರಗಳ ಸುತ್ತಲೂ ಉಜ್ಜಿದ ಅಥವಾ ಬೆಸುಗೆ ಹಾಕಿದ ಗುರುತು ಕಂಡರೆ ಅಲ್ಲಿಂದಲೇ ಹಿಂದಿರುಗಬೇಕು. ಹೊರ ರಾಜ್ಯದ ನಂಬರಿದ್ದರೆ ಮೂಲ ಕಚೇರಿಯ ನಿರಾಕ್ಷೇಪಣ ಪತ್ರವು ಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲಿಯೇ ಇಟ್ಟುಕೊಳ್ಳುವದಾದರೆ ನಮ್ಮ ರಾಜ್ಯದ ನಂಬರನ್ನು ಪಡೆಯಬೇಕು. ಕೊಂಡವನು ಮೂವತ್ತು ದಿನಗಳೊಳಗೆ ತನ್ನ ಹೆಸರಿಗೆ ವರ್ಗಮಾಡಿಸಿಕೊಳ್ಳಲು ಅರ್ಜಿ ಕೊಡತಕ್ಕದ್ದು.

ಕಾಗದವು ಸುಳ್ಳಾದರೆ ಏನಾಗುವದೆಂಬದಕ್ಕೆ ನೆರೆಯ ಕೇರಳದ ಉದಾಹರಣೆಯು ಸಾಕು. ೨೦೨೫ನೆಯ ಸೆಪ್ಟೆಂಬರ್ ೨೩ರಂದು ಅಲ್ಲಿಯ ಸುಂಕ ಅಧಿಕಾರಿಗಳು ‘ನುಂಖೋರ್’ ಎಂಬ ಹೆಸರಿನ ಶೋಧವನ್ನು ಕೈಕೊಂಡರು. ಭೂತಾನದ ಸೇನೆ ಮುಂತಾದವು ಬಿಟ್ಟ ವಾಹನಗಳನ್ನು ಸುಂಕ ತೆರದೆ ಗಡಿಯೊಳಗೆ ತಂದು, ಸುಳ್ಳು ದಾಖಲೆಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ, ಮಾರಲಾಗಿದೆಯೆಂಬದು ಅವರ ಆರೋಪ. ಅನೇಕ ವಾಹನಗಳು ಜಪ್ತಾದವು. ಹೀಗೆ ಜಪ್ತಾದಾಗ ಕೊನೆಯಲ್ಲಿ ಕೊಂಡವನ ಅಂಗಳದಿಂದಲೇ ವಾಹನವು ಹೋಗುವದು. ಹಣವು ಎಲ್ಲೋ, ಮಾರಿದವನು ಎಲ್ಲೋ.

ಯುದ್ಧಕಾಲದ ಜೀಪನ್ನು ಪ್ರೀತಿಯಿಂದ ಕಾಪಾಡುವವರಿಗೆ ೨೦೨೧ರಿಂದ ಪ್ರತ್ಯೇಕ ವ್ಯವಸ್ಥೆಯುಂಟು. ಐವತ್ತು ವರುಷ ಮೀರಿದ, ಮೂಲರೂಪ ಕೆಡದ ವಾಹನಕ್ಕೆ ೨೦,೦೦೦ ರೂಪಾಯಿ ಶುಲ್ಕದ ಮೇಲೆ ಹತ್ತು ವರುಷದ ‘ವಿಂಟೇಜ್’ ನೋಂದಣಿಯು ದೊರೆಯುವದು. ಆದರೆ ಅಂಥ ವಾಹನವನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮುಂತಾದವುಗಳ ಹೊರತು ನಿತ್ಯದ ಓಡಾಟಕ್ಕೆ ಬಳಸಕೂಡದು. ಬೀಜ, ಗೊಬ್ಬರ ಹೇರುವವನಿಗೆ ಇದು ಉಪಯೋಗವಿಲ್ಲ. ಆ ಜೀಪುಗಳು ಎಡಗಡೆಯ ಚಾಲನೆಯವಾದ್ದರಿಂದ, ೧೨೦ನೆಯ ಕಲಮಿನಂತೆ ತಿರುವನ್ನು ಸೂಚಿಸುವ ಸಾಧನವು ಸುಸ್ಥಿತಿಯಲ್ಲಿರಬೇಕೆಂಬದನ್ನೂ ನೆನಪಿಡಬೇಕು.

೪. ವಿಮೆಯೂ ಹೊಲವೂ

ಈ ಪತ್ರಿಕೆಯಲ್ಲಿ ಬೇರೆ ಏನನ್ನು ಮರೆತರೂ ಈ ಭಾಗವನ್ನು ಮರೆಯಕೂಡದು. ೧೪೬ನೆಯ ಕಲಮಿನಂತೆ ಮೂರನೆಯವರ ಹಾನಿಗೆ ವಿಮೆಯಿಲ್ಲದೆ ಯಾವ ವಾಹನವೂ ಸಾರ್ವಜನಿಕ ಸ್ಥಳದಲ್ಲಿ ಓಡಕೂಡದು. ನೋಂದಣಿಯಿಲ್ಲದ ವಾಹನಕ್ಕೆ ಸರಿಯಾದ ವಿಮೆಯೂ ದೊರೆಯದು. ವಿಮೆಯಿಲ್ಲದೆ ಸಿಕ್ಕಿಬಿದ್ದವನಿಗೆ ಮೊದಲ ಸಲ ೨,೦೦೦ ರೂಪಾಯಿ ದಂಡ ಅಥವಾ ಮೂರು ತಿಂಗಳ ವರೆಗೆ ಕೈದು ಅಥವಾ ಎರಡೂ ಆಗಬಹುದು. ‘ಎರಡು ಸಾವಿರ ತಾನೇ, ಕಟ್ಟಿದರಾಯಿತು’ ಎಂದು ಹೇಳುವವರುಂಟು. ನಿಜವಾದ ಭಯವು ಆ ದಂಡದಲ್ಲಿಲ್ಲ.

ಹೊಲದಿಂದ ಊರಿಗೆ ಬರುವಾಗ ಸಂಜೆಗತ್ತಲಲ್ಲಿ ಒಬ್ಬ ಕೂಲಿಯವನಿಗೆ ವಾಹನವು ತಾಗಿ ಅವನು ಸತ್ತನೆಂದು ಭಾವಿಸೋಣ. ಅವನ ಹೆಂಡಿರು ಮಕ್ಕಳು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವದು ನ್ಯಾಯವೇ. ಸತ್ತವನ ವಯಸ್ಸು, ದುಡಿಮೆ, ಅವನನ್ನು ನಂಬಿದವರ ಸಂಖ್ಯೆ ಇವನ್ನು ನೋಡಿ ಗೊತ್ತುಪಡಿಸುವ ಪರಿಹಾರವು ಅನೇಕ ಲಕ್ಷ ರೂಪಾಯಿಗಳಾಗಬಹುದು. ವಿಮೆಯಿದ್ದರೆ ಅದನ್ನು ಕಂಪನಿಯು ಕೊಡುವದು. ವಿಮೆಯಿಲ್ಲದಿದ್ದರೆ ಮಾಲಿಕನೇ ಕೊಡಬೇಕು. ಅವನು ಕೊಡದಿದ್ದರೆ ೧೭೪ನೆಯ ಕಲಮಿನಂತೆ ನ್ಯಾಯಮಂಡಳಿಯು ಜಿಲ್ಲಾಧಿಕಾರಿಗೆ ಪತ್ರವನ್ನು ಕಳಿಸಬಹುದು; ಆಗ ಆ ಹಣವು ಭೂಕಂದಾಯದ ಬಾಕಿಯಂತೆ ವಸೂಲಾಗುವದು. ಕಂದಾಯದ ಬಾಕಿಗೆ ಹೊಲವು ಹೇಗೆ ಹರಾಜಾಗುವದೆಂಬದನ್ನು ಗ್ರಾಮದ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಅಜ್ಜನು ಗಳಿಸಿದ ಎರಿ ಹೊಲವು ಮೊಮ್ಮಗನ ಜೀಪಿನ ಮೋಹಕ್ಕೆ ಹೋಗುವದು ಹೀಗೆಯೇ. ಇತ್ತ ಹೊಲವೂ ಇಲ್ಲದ ಮಾಲಿಕನಾದರೆ ಸತ್ತವನ ಮಕ್ಕಳಿಗೆ ಪರಿಹಾರವೇ ದೊರೆಯದು. ವಿಮೆಯು ಎರಡೂ ಮನೆಗಳ ಅನ್ನವನ್ನು ಕಾಯುವದು.

ವಾಹನವನ್ನು ಮಾರುವವರಿಗೂ ಇಲ್ಲಿ ಪಾಠವುಂಟು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಿಕನೆಂದೂ ಹೊಣೆಯು ಅವನದೇ ಎಂದೂ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ತೀರ್ಪು ಕೊಟ್ಟಿದೆ. ಹಣ ಎಣಿಸಿಕೊಂಡು ಕೀಲಿಕೈ ಕೊಟ್ಟ ಮಾತ್ರಕ್ಕೆ ಹೊಣೆಯು ಹರಿಯುವದಿಲ್ಲ. ಹೆಸರು ವರ್ಗವಾದ ಮೇಲೆಯೇ ನಿಶ್ಚಿಂತೆ.

೫. ಬಣ್ಣ, ಗುರುತು, ಮಾರ್ಪಾಡು

ಸೇನೆಯ ಹಸಿರು ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬ ಆಸೆಯು ಬಹಳ ಜನರಿಗುಂಟು. ಕೇಂದ್ರ ಮೋಟಾರು ವಾಹನ ನಿಯಮಗಳ ೧೨೧ನೆಯ ನಿಯಮದಂತೆ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೇ ಮೀಸಲಾದದ್ದು. ಆದಕಾರಣ ಕೊಂಡ ಕೂಡಲೆ ಬೇರೆ ಬಣ್ಣವನ್ನು ಬಳಿಸತಕ್ಕದ್ದು. ಪಡೆಯ ಚಿಹ್ನೆ, ನಕ್ಷತ್ರದ ಫಲಕ, ಬಾಣದ ನಂಬರುಗಳನ್ನು ಪೂರ್ಣವಾಗಿ ತೆಗೆಯತಕ್ಕದ್ದು. ಸೈನಿಕನ ಗುರುತಿಗೆ ಜನರು ಕೊಡುವ ಗೌರವವು ಸೈನಿಕನದು. ಅದು ವಾಹನದೊಡನೆ ಮಾರಾಟವಾಗುವದಿಲ್ಲ.

ಪೆಟ್ರೋಲಿನ ಯಂತ್ರವನ್ನು ತೆಗೆದು ಬೇರೊಂದು ಡೀಸಲ್ ಯಂತ್ರವನ್ನು ಕೂಡ್ರಿಸುವದು, ಚಾಸಿಯನ್ನು ಕತ್ತರಿಸಿ ಉದ್ದ ಮಾಡುವದು, ಅಗಲವಾದ ಗಾಲಿಗಳನ್ನು ತೊಡಿಸುವದು ಇವೆಲ್ಲ ೫೨ನೆಯ ಕಲಮಿಗೆ ಒಳಪಟ್ಟ ಮಾರ್ಪಾಡುಗಳು. ತಯಾರಕನು ಗೊತ್ತುಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ನೆಯ ಜನವರಿಯಲ್ಲಿ ಹೇಳಿದೆ. ಕಾಯದೆಯು ಒಪ್ಪುವ ಬದಲಾವಣೆಯಿದ್ದರೂ ಅದಕ್ಕೆ ಮೊದಲು ಅನುಮತಿ ಪಡೆದು ದಾಖಲೆಯಲ್ಲಿ ಬರೆಸಬೇಕು.

೬. ಯಂತ್ರದ ಪರೀಕ್ಷೆ

ಕಾಗದವು ಶುದ್ಧವೆಂದು ಗೊತ್ತಾದ ಮೇಲೆ ಮಾತ್ರ ಮೇಸ್ತ್ರಿಯನ್ನು ಕರೆದುಕೊಂಡು ಹೋಗಬೇಕು. ಪರೀಕ್ಷಿಸತಕ್ಕ ಭಾಗಗಳು ಹೀಗಿವೆ:

(ಅ) ಚಾಸಿ: ವಾಹನದ ಕೆಳಗೆ ಮಲಗಿ ಎರಡೂ ಉದ್ದ ತೊಲೆಗಳನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಗಟ್ಟಿಯಾದ ಕಬ್ಬಿಣವು ಗಂಟೆಯಂತೆ ನುಡಿಯುವದು. ತುಕ್ಕು ತಿಂದದ್ದು ಮಂಕಾಗಿ ನುಡಿಯುವದು.

(ಆ) ನಾಲ್ಕು ಗಾಲಿಗಳ ಎಳೆತ: ಮೆತ್ತನೆಯ ಮಣ್ಣಿನಲ್ಲಿ ಮುಂದಿನ ಗಾಲಿಗಳ ಎಳೆತವನ್ನು ಹಾಕಿ ನಡೆಸಬೇಕು. ಗರಗರ ಸಪ್ಪಳವಾದರೆ ಅಥವಾ ಹಲ್ಲು ಜಾರಿದರೆ ಖರ್ಚು ದೊಡ್ಡದು. ಈ ಭಾಗವು ಕೆಟ್ಟಿದ್ದರೆ ಇಂಥ ವಾಹನವನ್ನು ಕೊಳ್ಳುವ ಉದ್ದೇಶವೇ ಕೆಟ್ಟಂತೆ.

(ಇ) ಟಾಯರು: ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುವದು. ಮೊದಲಿನ ಎರಡು ವಾರವನ್ನೂ ಕೊನೆಯ ಎರಡು ವರುಷವನ್ನೂ ಹೇಳುವವು. ೧೨೧೫ ಎಂದಿದ್ದರೆ ಅದು ೨೦೧೫ನೆಯ ಇಸವಿಯ ಹನ್ನೆರಡನೆಯ ವಾರದ್ದು. ಹಲ್ಲು ಸವೆಯದಿದ್ದರೂ ಹಳೆಯ ರಬ್ಬರು ಬಿರಿಯುವದು.

(ಈ) ವಿದ್ಯುತ್ತು: ಕೆಲವು ಸೇನಾ ವಾಹನಗಳಲ್ಲಿ ೨೪ ವೋಲ್ಟಿನ ವ್ಯವಸ್ಥೆಯಿರುವದು, ಯುದ್ಧಕಾಲದ ಜೀಪಿನಲ್ಲಿ ೬ ವೋಲ್ಟು. ಪೇಟೆಯಲ್ಲಿ ಸಿಗುವ ೧೨ ವೋಲ್ಟಿನ ಬಲ್ಬು, ಬ್ಯಾಟರಿಗಳನ್ನು ನೋಡದೆ ಜೋಡಿಸಕೂಡದು.

(ಉ) ಇಂಧನದ ಕೊಳವೆ: ಈಗ ಪೆಟ್ರೋಲಿನಲ್ಲಿ ಶೇಕಡಾ ೨೦ರ ವರೆಗೆ ಎಥನಾಲ್ ಬೆರೆತಿರುವದು. ಹಳೆಯ ಕಾರ್ಬುರೇಟರಿನ ರಬ್ಬರು ಪೊರೆಗಳೂ ಕೊಳವೆಗಳೂ ಅದರಿಂದ ಬೇಗ ಕೆಡುವವು. ಸೋರುವ ಪೆಟ್ರೋಲು ಬಿಸಿ ಯಂತ್ರದ ಮೇಲೆ ಬಿದ್ದರೆ ಬೆಂಕಿಯೇ ಸರಿ. ಕೊಂಡ ಮೊದಲ ವಾರದಲ್ಲಿಯೇ ಇವನ್ನು ಬದಲಿಸಬೇಕು.

(ಊ) ಬ್ರೇಕು: ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಆ ಧೂಳು ಪುಪ್ಪುಸಕ್ಕೆ ಘಾತಕ. ಅದನ್ನು ಊದಿ ತೆಗೆಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

೭. ಒಕ್ಕಲುತನದಲ್ಲಿ ಉಪಯೋಗವೆಷ್ಟು

ನಮ್ಮ ತಾಲೂಕಿನ ಎರಿ ಭೂಮಿಯು ಮಳೆಗಾಲದಲ್ಲಿ ಅಂಟುವದು. ಮಸಾರಿಯ ದಾರಿಗಳು ಕೊರೆದು ತಗ್ಗಾಗುವವು. ಇಂಥಲ್ಲಿ ನಾಲ್ಕು ಗಾಲಿಗಳ ಎಳೆತದ ವಾಹನವು ಬೀಜ, ಔಷಧಿ, ಹಣ್ಣಿನ ಬುಟ್ಟಿ, ರೋಗಿಗಳನ್ನು ಸಾಗಿಸಲು ನಿಶ್ಚಯವಾಗಿ ಉಪಯುಕ್ತವಾದದ್ದು. ಆದರೆ ಅದು ಟ್ರ್ಯಾಕ್ಟರು ಅಲ್ಲ. ರಂಟೆ, ಕುಂಟೆಗಳನ್ನು ಕಟ್ಟಿ ದಿನವಿಡೀ ಮೆಲ್ಲನೆ ಎಳೆಸಿದರೆ ಕ್ಲಚ್ಚು ಸುಡುವದು, ಯಂತ್ರವು ಕಾಯುವದು.

ಇಂಧನದ ಲೆಕ್ಕವನ್ನೂ ಮಾಡಬೇಕು. ಜೋಂಗಾವು ಒಂದು ಲೀಟರಿಗೆ ಐದು ಕಿಲೋಮೀಟರು ಓಡಿತೆಂದು ಹಿಡಿದರೆ, ೫೦ ಕಿಲೋಮೀಟರಿನ ಒಂದು ಸುತ್ತಿಗೆ ೧೦ ಲೀಟರು, ತಿಂಗಳಿಗೆ ಎಂಟು ಸುತ್ತುಗಳಿಗೆ ೮೦ ಲೀಟರು ಬೇಕು. ಲೀಟರಿಗೆ ಹದಿನೈದು ಓಡುವ ವಾಹನಕ್ಕೆ ಅದೇ ಕೆಲಸಕ್ಕೆ ೨೭ ಲೀಟರು ಸಾಕು. ಪ್ರತಿ ತಿಂಗಳು ೫೩ ಲೀಟರಿನ ಬೆಲೆಯು ಅಗ್ಗವಾಗಿ ಸಿಕ್ಕಿತೆಂಬ ಸಂತೋಷವನ್ನು ತಿಂದುಹಾಕುವದು. ಇನ್ನು ಖಾಸಗಿಯಾಗಿ ನೋಂದಾಯಿಸಿದ ವಾಹನದಲ್ಲಿ ಬಾಡಿಗೆಗೆ ಪರರ ಮಾಲನ್ನು ಹೇರಕೂಡದು. ಹೇರಿದ ಭಾರವೂ ಸೇರಿ ೭,೫೦೦ ಕಿಲೋಗ್ರಾಂ ಮೀರುವ ಲಾರಿಗೆ ಹಗುರ ವಾಹನದ ಚಾಲನಾ ಪರವಾನಗಿಯು ಸಾಲದು.

೮. ಗ್ರಾಮದ ಮುಖಂಡರಿಗೆ ಬಿನ್ನಹ

ಊರಿನ ತರುಣನು ಇಂಥ ವಾಹನವನ್ನು ತಂದಾಗ ಮೊದಲು ನೋಡಲು ಸೇರುವವರು ಊರ ಹಿರಿಯರೇ. ಆಗ ‘ಎಷ್ಟು ಕೊಟ್ಟೆ?’ ಎಂದು ಕೇಳುವದಕ್ಕಿಂತ ‘ಯಾರ ಹೆಸರಿನಲ್ಲಿದೆ? ವಿಮೆ ಎಂದಿನ ವರೆಗಿದೆ?’ ಎಂದು ಕೇಳಿದರೆ ಊರಿಗೆ ದೊಡ್ಡ ಉಪಕಾರವಾಗುವದು. ೫೦ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ತಾಲೂಕಿನ ನಡುವೆಯೇ ಹಾದುಹೋಗುವದರಿಂದ ಕಾಗದವಿಲ್ಲದ ವಾಹನಕ್ಕೆ ಅಡಗುವ ದಾರಿಯಿಲ್ಲ.

ಸಾರಾಂಶವಿಷ್ಟೇ:

(೧) ಗುಜರಿಯೆಂದು ಮಾರಿದ್ದನ್ನು ವಾಹನವೆಂದು ಕೊಳ್ಳಬೇಡಿರಿ.
(೨) ಚಾಸಿ ನಂಬರು ಎಲ್ಲ ಕಾಗದಗಳಲ್ಲಿ ಒಂದೇ ಆಗಿದೆಯೆಂದು ಓದಿ ನೋಡಿರಿ.
(೩) ಹಣ ಕೊಡುವ ಮುಂಚೆ ಕೊಪ್ಪಳದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.
(೪) ಹೆಸರು ವರ್ಗವಾಗದೆ, ವಿಮೆಯಾಗದೆ, ರಸ್ತೆಗೆ ಇಳಿಸಬೇಡಿರಿ.
(೫) ಸೇನೆಯ ಬಣ್ಣವನ್ನೂ ಗುರುತನ್ನೂ ತೆಗೆಯಿರಿ. ಅನುಮತಿಯಿಲ್ಲದೆ ಮಾರ್ಪಾಡು ಮಾಡಿಸಬೇಡಿರಿ.
(೬) ಕೊಳ್ಳುವ ಹಣದೊಡನೆ ನೋಂದಣಿಯ ಹಣ, ರಿಪೇರಿಯ ಹಣಗಳನ್ನೂ ಮೊದಲೇ ಎತ್ತಿಡಿರಿ. ಈ ಮೂರೂ ಇಲ್ಲದವರು ಎತ್ತು, ಚಕ್ಕಡಿಗಳನ್ನೋ ಹೊಸ ಸಣ್ಣ ವಾಹನವನ್ನೋ ನಂಬುವದು ಲೇಸು.